ತುರಿಕೆ ಬಳ್ಳಿಯ ಗುರುತು

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಮಾರ್ಗದಲ್ಲಿ ಬೆಳ್ಮಣ್ ಎಂಬ ಊರಿದೆ. ಅಲ್ಲಿ ದೊಡ್ಡ ಮಾರ್ಗವನ್ನು ಬಿಟ್ಟು ಯಾವ ಕಾಲುದಾರಿಯನ್ನು ಹಿಡಿದರೂ ಒಂದು ಕಡೆ ಮುರಕಲ್ಲಿನ ಪಾಗಾರ, ಇನ್ನೊಂದು ಕಡೆ ಗುಡ್ಡದ ಪೊದೆ ಜೊತೆಯಲ್ಲಿಯೇ ಸಾಗುತ್ತವೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಕಲ್ಲಿನ ಸಂದುಗಳಲ್ಲಿಯೂ ಪೊದೆಗಳ ನೆತ್ತಿಯಲ್ಲಿಯೂ ಬಳ್ಳಿಗಳು ಹೆಣೆದುಕೊಂಡು, ಬೇಲಿ ಯಾವುದು ಬಳ್ಳಿ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಈ ಹಸುರಿನೊಳಗೆ ಕೈಹಾಕಿದವರು, ಸೊಪ್ಪು ಸವರುವವರಾಗಲಿ, ಪಾಗಾರದಾಚೆಗೆ ಉರುಳಿದ ಚೆಂಡನ್ನು ಹುಡುಕುವ ಮಕ್ಕಳಾಗಲಿ, ಒಮ್ಮೆಯಾದರೂ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡಿರುತ್ತಾರೆ. ಮೊದಲು ಬೆಂಕಿ ತಾಕಿದಂತೆ ಉರಿ. ಅದರ ಬೆನ್ನಿಗೇ ತುರಿಕೆ. ಮುಟ್ಟಿದ ಕಡೆಯೆಲ್ಲ ಕೆಂಪು ದದ್ದು.

ತಾಗಿದ್ದು ಏನೆಂದು ವಿಚಾರಿಸಿದರೆ "ತುರಿಕೆ ಗಿಡ" ಎಂಬ ಉತ್ತರ ಬರುವುದು. ನೊಂದವನಿಗೆ ಅಷ್ಟು ಸಾಕು. ಸಸ್ಯವನ್ನು ಗುರುತಿಸಬೇಕೆಂಬವನಿಗೆ ಅಷ್ಟು ಸಾಲದು. ತುರಿಸುವ ಸಸ್ಯಗಳು ನಮ್ಮಲ್ಲಿ ಹಲವು ಇವೆ. ಅವುಗಳಲ್ಲಿ ಎಷ್ಟೋ ಒಂದಕ್ಕೊಂದು ಯಾವ ಬಂಧುತ್ವವೂ ಇಲ್ಲದವು. ನಾಯಿ, ಇರುವೆ, ಚೇಳು ಮೂರೂ ಕಚ್ಚುತ್ತವೆಯೆಂದು ಮೂರಕ್ಕೂ ಒಂದೇ ಹೆಸರಿಟ್ಟರೆ ಹೇಗೋ, ತುರಿಕೆಯೊಂದನ್ನೇ ಹಿಡಿದು ಗಿಡಕ್ಕೆ ಹೆಸರಿಡುವುದೂ ಹಾಗೆಯೇ. ಈ ಲೇಖನದಲ್ಲಿ ಆ ಗುಂಪಿನಿಂದ ಒಂದನ್ನು ಬೇರ್ಪಡಿಸಿ, ಅದರ ನಿಜವಾದ ಗುರುತುಗಳು ಯಾವುವೆಂಬುದನ್ನು ನೋಡೋಣ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಟ್ರಾಗಿಯಾ. ಅದು ಬಳ್ಳಿಗಳ ಒಂದು ಜಾತಿ. ಔಡಲ, ಕಳ್ಳಿ, ರಬ್ಬರುಗಳನ್ನು ಒಳಗೊಂಡ ಯುಫೋರ್ಬಿಯೇಸೀ ಕುಟುಂಬಕ್ಕೆ ಸೇರಿದುದು. ನಮ್ಮ ಬೇಲಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪ್ರಭೇದ ಟ್ರಾಗಿಯಾ ಇನ್‌ವೊಲ್ಯೂಕ್ರೇಟಾ.

ಮೊದಲು, ಯಾವುದು ಅದಲ್ಲ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಸುಗುನ್ನಿಯನ್ನು ಎಲ್ಲರೂ ಬಲ್ಲರು. ಅದೂ ಬಳ್ಳಿಯೇ, ಅದೂ ಬೇಲಿಯನ್ನೇ ಹತ್ತುವುದು. ಆದರೆ ಅದು ಅವರೆಯ ಕುಟುಂಬದ್ದು. ಒಂದು ತೊಟ್ಟಿಗೆ ಮೂರು ಎಲೆಗಳು, ನೇರಿಳೆ ಬಣ್ಣದ ಹೂ, ಬಾಗಿದ ಕಾಯಿ. ತುರಿಕೆಯನ್ನುಂಟುಮಾಡುವುದು ಆ ಕಾಯಿಯ ಮೇಲಿನ ಹೊಂಬಣ್ಣದ ನವಿರು. ಎಲೆಯನ್ನು ಮುಟ್ಟಿದರೆ ಏನೂ ಆಗದು. ಎರಡನೆಯದು, ಮಳೆಗಾಲದಲ್ಲಿ ಹಿತ್ತಿಲಲ್ಲಿ ತಾನಾಗಿ ಏಳುವ ಲಪೋರ್ಟಿಯಾ ಇಂಟರಪ್ಟಾ ಎಂಬ ಕಳೆ. ಇದು ನೆಟ್ಟಗೆ ನಿಲ್ಲುವ ಗಿಡ, ಬಳ್ಳಿಯಲ್ಲ. ಉದ್ದನೆಯ ತೊಟ್ಟು, ಗರಗಸದ ಅಂಚಿನ ಎಲೆ, ಎಲೆಯ ಕಂಕುಳಿನಿಂದ ಹೊರಟ ಉದ್ದ ಕಡ್ಡಿಯ ಮೇಲೆ ಅಲ್ಲಲ್ಲಿ ಬಿಟ್ಟುಬಿಟ್ಟು ಹೂವಿನ ಗೊಂಚಲು. ಇದರ ಕುಟುಂಬ ಅರ್ಟಿಕೇಸೀ. ಘಟ್ಟದ ತಪ್ಪಲಿನ ಕಾಡಿನಲ್ಲಿ ಬೆಳೆಯುವ, ಆಳೆತ್ತರಕ್ಕೂ ಮೀರುವ ಡೆಂಡ್ರೊಕ್ನೈಡ್ ಸಿನುವೇಟಾ ಕೂಡ ಇದೇ ಕುಟುಂಬದ್ದು. ಅದರ ನೋವು ದಿನಗಟ್ಟಲೆ ಉಳಿಯುವುದೆಂದು ಕಾಡಿನಲ್ಲಿ ತಿರುಗುವವರು ಅದರಿಂದ ದೂರ ನಡೆಯುತ್ತಾರೆ.

ಇವೆಲ್ಲವನ್ನೂ ಬಿಟ್ಟ ಮೇಲೆ ಉಳಿಯುವುದು, ಎಲೆ, ಕಾಂಡ, ಕಾಯಿ ಎಲ್ಲ ಕಡೆಯೂ ರೋಮವುಳ್ಳ, ತೆಳ್ಳಗಿನ ಕಾಂಡದ ಒಂದು ಬಳ್ಳಿ. ಅದಕ್ಕೆ ಹಾಗಲದ ಬಳ್ಳಿಗಿರುವಂತೆ ಹಿಡಿಕುಡಿಗಳಿಲ್ಲ, ಮುಳ್ಳಿಲ್ಲ, ಬೇರು ಬಿಟ್ಟು ಕಲ್ಲನ್ನು ಕಚ್ಚುವ ಅಭ್ಯಾಸವೂ ಇಲ್ಲ. ಕಾಂಡದ ತುದಿಯೇ ಆಸರೆಯನ್ನು ಸುತ್ತಿಕೊಂಡು ಮೇಲೇರುತ್ತದೆ. ಎಲೆಗಳು ಗೆಣ್ಣಿಗೆ ಒಂದೊಂದರಂತೆ ಪರ್ಯಾಯವಾಗಿವೆ. ನಮ್ಮ ಪ್ರಭೇದದಲ್ಲಿ ಎಲೆ ಒಂದೇ ಹಾಳೆ, ಉದ್ದವಾದ ಅಂಡಾಕಾರ, ತುದಿ ಚೂಪು, ಅಂಚು ಗರಗಸ. ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ. ತೊಟ್ಟಿನ ಬುಡದಲ್ಲಿ ಎರಡು ಸಣ್ಣ ಉಪಪತ್ರಗಳಿವೆ.

ಎಲೆಯೊಂದನ್ನು ಇಕ್ಕಳದಿಂದ ಹಿಡಿದು ಕತ್ತರಿಸಿದರೆ ಹಾಲು ಬರುವುದಿಲ್ಲ. ಇಲ್ಲಿ ಅನೇಕ ವಿದ್ಯಾರ್ಥಿಗಳು ಎಡವುತ್ತಾರೆ. ಯುಫೋರ್ಬಿಯೇಸೀ ಎಂದೊಡನೆ ಕಳ್ಳಿಯ ಹಾಲು, ರಬ್ಬರಿನ ಹಾಲು ನೆನಪಾಗಿ, ಹಾಲಿಲ್ಲದ ಬಳ್ಳಿ ಈ ಕುಟುಂಬದ್ದಾಗಿರಲಾರದೆಂದು ನಿಶ್ಚಯಿಸಿಬಿಡುವುದುಂಟು. ಆದರೆ ಔಡಲದ ತೊಟ್ಟನ್ನು ಮುರಿದು ನೋಡಿರಿ. ಅಲ್ಲಿಯೂ ಬಿಳಿಯ ಹಾಲಿಲ್ಲ. ಹಿತ್ತಿಲ ಕುಪ್ಪಿಗಿಡದಲ್ಲಿಯೂ ಇಲ್ಲ. ಔಡಲ, ಕುಪ್ಪಿಗಿಡ, ಟ್ರಾಗಿಯಾ ಮೂರೂ ಈ ದೊಡ್ಡ ಕುಟುಂಬದ ಹಾಲಿಲ್ಲದ ಒಂದು ಶಾಖೆಗೆ ಸೇರಿದವು. ಹಾಲು ಕುಟುಂಬದ ಕೆಲವರ ಲಕ್ಷಣ, ಕುಟುಂಬದ ಲಕ್ಷಣವಲ್ಲ.

ಹಾಗಾದರೆ ಕುಟುಂಬದ ಲಕ್ಷಣವನ್ನು ಎಲ್ಲಿ ಹುಡುಕಬೇಕು? ಹೂವಿನಲ್ಲಿ, ಅದಕ್ಕಿಂತಲೂ ಸುಲಭವಾಗಿ ಕಾಯಿಯಲ್ಲಿ. ಮಳೆಗಾಲದ ಕೊನೆಯ ಭಾಗದಲ್ಲಿ ಬಳ್ಳಿಯನ್ನು ಕಂಡರೆ ಹೂವೂ ಕಾಯಿಯೂ ಒಟ್ಟಿಗೆ ದೊರೆಯುತ್ತವೆ. ಬೇಕಾಗುವ ಸಾಮಗ್ರಿ ಹೆಚ್ಚಿನದಲ್ಲ: ಹತ್ತು ಪಟ್ಟು ಹಿಗ್ಗಿಸುವ ಒಂದು ಕೈಮಸೂರ, ಒಂದು ಇಕ್ಕಳ, ಒಂದು ಸೂಜಿ, ಒಂದು ಬಿಳಿಯ ಕಾಗದ, ದಪ್ಪನೆಯ ಬಟ್ಟೆಯ ಅಥವಾ ರಬ್ಬರಿನ ಕೈಚೀಲ. ಕೈಚೀಲವನ್ನು ಮರೆತು ಧೈರ್ಯವನ್ನು ಮಾತ್ರ ತೆಗೆದುಕೊಂಡು ಹೋದವರು ಹೂವನ್ನು ಎಣಿಸುವ ಮೊದಲೇ ಹಿಂದಿರುಗುತ್ತಾರೆ.

ಎಲೆಯ ಎದುರಿನಿಂದಲೋ ಕಂಕುಳಿನಿಂದಲೋ ಕೊಂಬೆಯ ತುದಿಯಿಂದಲೋ ಹೊರಟ ತೆಳ್ಳಗಿನ ಒಂದು ಹೂಗೊಂಚಲು ಕಾಣುವುದು. ಮೊದಲ ನೋಟಕ್ಕೆ ಅದರಲ್ಲಿ ಹೂವೇ ಇಲ್ಲವೆನ್ನಿಸಬಹುದು. ದಳಗಳಿಲ್ಲ, ಬಣ್ಣವಿಲ್ಲ, ಹಸುರು ಹಳದಿಯ ಸಣ್ಣ ಸಣ್ಣ ಮೊಗ್ಗುಗಳ ಸಾಲು ಮಾತ್ರ. ಮಸೂರದ ಕೆಳಗೆ ಆ ಸಾಲಿನ ಮರ್ಮ ಬಿಚ್ಚುತ್ತದೆ. ಮೇಲಿನ ಉದ್ದಕ್ಕೂ ಇರುವವೆಲ್ಲ ಗಂಡು ಹೂಗಳು. ಬುಡದಲ್ಲಿರುವ ಒಂದೋ ಎರಡೋ ಮಾತ್ರ ಹೆಣ್ಣು. ಒಂದೇ ಬಳ್ಳಿ, ಒಂದೇ ಗೊಂಚಲು, ಎರಡು ಬಗೆಯ ಹೂ. ಔಡಲದಲ್ಲಿಯೂ ಗಂಡು ಹೆಣ್ಣುಗಳು ಒಂದೇ ಗೊಂಚಲಿನಲ್ಲಿರುತ್ತವೆ. ಆದರೆ ಅಲ್ಲಿ ಕ್ರಮ ತಲೆಕೆಳಗು, ಹೆಣ್ಣು ಮೇಲೆ, ಗಂಡು ಕೆಳಗೆ. ಇಷ್ಟೊಂದು ಹತ್ತಿರದ ಬಂಧುಗಳು ಇಷ್ಟು ಸಣ್ಣ ವಿಷಯದಲ್ಲಿ ಎದುರುಬದುರಾಗಿರುವುದನ್ನು ಕಂಡರೆ, ಗುರುತು ಹಿಡಿಯುವಾಗ ಏನನ್ನು ನೋಡಬೇಕೆಂಬುದು ಮನಸ್ಸಿಗೆ ಬರುವುದು.

ಗಂಡು ಹೂವನ್ನು ಸೂಜಿಯಿಂದ ಬಿಡಿಸಿರಿ. ಮೂರು ಪುಷ್ಪಪತ್ರಗಳು, ಅವುಗಳ ನಡುವೆ ಸಾಮಾನ್ಯವಾಗಿ ಮೂರೇ ಕೇಸರಗಳು. ಔಡಲದ ಗಂಡು ಹೂವಿನಲ್ಲಿ ಕೇಸರಗಳು ಮರದಂತೆ ಕವಲೊಡೆದು ಲೆಕ್ಕಕ್ಕೆ ಸಿಗವು. ಇಲ್ಲಿ ಬೆರಳೆಣಿಕೆಗೂ ಎರಡು ಬೆರಳು ಉಳಿಯುತ್ತವೆ. ಹೆಣ್ಣು ಹೂವಿನ ಪುಷ್ಪಪತ್ರಗಳು ಸಾಮಾನ್ಯವಾಗಿ ಆರು. ನಡುವೆ ಮೂರು ಕೋಣೆಗಳ ಅಂಡಾಶಯ, ಕೋಣೆಗೊಂದೇ ಅಂಡಕ. ಅದರ ಮೇಲೆ ಬುಡದಲ್ಲಿ ಒಂದಾಗಿ ತುದಿಯಲ್ಲಿ ಮೂರಾದ ಶಲಾಕೆ. ಮೂರು ಕೋಣೆ, ಮೂರು ಶಲಾಕೆ, ಕೋಣೆಗೊಂದು ಅಂಡಕ: ಇದು ಯುಫೋರ್ಬಿಯೇಸೀ ಕುಟುಂಬದ ಹಸ್ತಾಕ್ಷರ. ಲಪೋರ್ಟಿಯಾದ ಅಂಡಾಶಯದಲ್ಲಿ ಕೋಣೆ ಒಂದೇ, ಬೀಜವೂ ಒಂದೇ. ಎರಡು ಗಿಡಗಳ ಉರಿ ಒಂದೇ ಬಗೆಯದೆಂದು ಕೈ ಹೇಳಿದರೂ, ಅಂಡಾಶಯದ ಸಾಕ್ಷ್ಯದ ಮುಂದೆ ಕೈಯ ಸಾಕ್ಷ್ಯ ನಿಲ್ಲಲಾರದು.

ಇನ್ನು ನಮ್ಮ ಪ್ರಭೇದದ ಅತ್ಯಂತ ಸುಂದರವಾದ ಗುರುತು. ಪರಾಗಸ್ಪರ್ಶವಾದ ಮೇಲೆ ಹೆಣ್ಣು ಹೂವಿನ ಪುಷ್ಪಪತ್ರಗಳು ಉದುರುವುದಿಲ್ಲ, ಬೆಳೆಯುತ್ತವೆ. ಪ್ರತಿಯೊಂದರ ಅಂಚೂ ಗರಿಯಂತೆ ಸೀಳಿಕೊಂಡು, ಗಟ್ಟಿಯಾಗಿ, ಬಿರುಸಾದ ರೋಮಗಳನ್ನು ಹೊತ್ತು, ಕಾಯಿಯ ಸುತ್ತ ನಕ್ಷತ್ರದಂತೆ ಹರಡಿಕೊಳ್ಳುತ್ತವೆ. ಅದರ ನಡುವೆ ಮೂರು ಉಬ್ಬುಗಳ, ಮೈತುಂಬ ರೋಮದ ಕಾಯಿ ಕುಳಿತಿರುತ್ತದೆ. ಒಮ್ಮೆ ಈ ಹಸುರು ನಕ್ಷತ್ರವನ್ನು ಕಂಡವರು ಮತ್ತೆ ಮರೆಯಲಾರರು. ನಾಲ್ಕು ಮಾರು ದೂರದಿಂದಲೇ ಬಳ್ಳಿಯನ್ನು ಹೆಸರು ಹಿಡಿದು ಕರೆಯಬಲ್ಲರು. ಇನ್‌ವೊಲ್ಯೂಕ್ರೇಟಾ ಎಂಬುದಕ್ಕೆ ಹೊರಕವಚವುಳ್ಳದ್ದು ಎಂದರ್ಥ. ನಕ್ಷತ್ರವು ಹೂವಿನ ಹೊರಗಿನ ಎಲೆಗಳ ಕವಚದಂತೆ ಕಾಣುವುದಾದರೂ ವಾಸ್ತವವಾಗಿ ಅದು ಹೂವಿನ ಪುಷ್ಪಪತ್ರಗಳೇ. ಕುಪ್ಪಿಗಿಡದಲ್ಲಿಯೂ ಹೆಣ್ಣು ಹೂವಿನ ಸುತ್ತ ಹಲ್ಲುಹಲ್ಲಾದ ಹಸುರು ಬಟ್ಟಲೊಂದಿದೆ. ಅದು ಮಾತ್ರ ನಿಜವಾದ ಹೊರ ಎಲೆ. ಎರಡನ್ನೂ ಒಂದೇ ಕಾಗದದ ಮೇಲಿಟ್ಟು ಹೋಲಿಸಿದರೆ ಒಂದು ಪಾಠದ ತರಗತಿಗೆ ಸಾಕಾಗುವಷ್ಟು ವಿಷಯ ದೊರೆಯುತ್ತದೆ.

ಕಾಯಿ ಬಲಿತು ಒಣಗಿದಾಗ ಮೂರು ಹೋಳುಗಳಾಗಿ ಸಿಡಿದು, ನಡುವಿನ ಕಡ್ಡಿಯನ್ನು ಬಿಟ್ಟು ಚದರಿಹೋಗುತ್ತದೆ. ಬಿಸಿಲಿಗೆ ಹರವಿದ ಔಡಲದ ಕಾಯಿ ಸಿಡಿಯುವ ಸದ್ದನ್ನು ಕೇಳಿದವರಿಗೆ ಈ ವಿಧಾನ ಹೊಸದಲ್ಲ. ಟ್ರಾಗಿಯಾದ ಬೀಜ ದುಂಡು. ಔಡಲದ ಬೀಜದ ತುದಿಯಲ್ಲಿ ಕಾಣುವ ಆ ಮೆತ್ತನೆಯ ಬಿಳಿ ಗಂಟು ಇದಕ್ಕಿಲ್ಲ.

ಈಗ ತುರಿಕೆಯ ವಿಚಾರಕ್ಕೆ ಬರೋಣ. ಅದು ಗುರುತಲ್ಲವೆಂದು ಮೊದಲೇ ಹೇಳಿದೆವು. ಕೈಗೆ ತಿಳಿಯುವ ತುರಿಕೆ ಗುರುತಲ್ಲ. ಸೂಕ್ಷ್ಮದರ್ಶಕಕ್ಕೆ ತಿಳಿಯುವ ತುರಿಕೆ ಮಾತ್ರ ಬಹಳ ಒಳ್ಳೆಯ ಗುರುತು. ಅರ್ಟಿಕೇಸೀ ಕುಟುಂಬದ ರೋಮವನ್ನು ರಾಬರ್ಟ್ ಹುಕ್ ಮಹಾಶಯನು ೧೬೬೫ರಷ್ಟು ಹಿಂದೆಯೇ ತನ್ನ ಸೂಕ್ಷ್ಮದರ್ಶಕದ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅಲ್ಲಿ ರೋಮವೆಂದರೆ ಉದ್ದನೆಯ ಒಂದೇ ಜೀವಕೋಶ, ಗಾಜಿನ ನಳಿಗೆಯಂತಹುದು. ಅದರ ತುದಿಯಲ್ಲಿ ಸಿಲಿಕಾದಿಂದ ಗಡುಸಾದ ಒಂದು ಪುಟ್ಟ ಗುಂಡು. ಮುಟ್ಟಿದೊಡನೆ ಗುಂಡು ಓರೆಯಾಗಿ ಮುರಿದು, ಮೊನಚಾದ ನಳಿಗೆ ಚರ್ಮದೊಳಗೆ ಹೊಕ್ಕು, ಬುಡದ ಚೀಲ ಒತ್ತಿಕೊಂಡು, ರಸ ಒಳಗೆ ಇಳಿಯುತ್ತದೆ. ವೈದ್ಯರ ಚುಚ್ಚುಮದ್ದಿನ ಸೂಜಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ. ಆ ರಸದಲ್ಲಿ ಹಿಸ್ಟಮೀನ್ ಮತ್ತು ಅಸಿಟೈಲ್‌ಕೋಲೀನ್ ಎಂಬ ವಸ್ತುಗಳಿವೆಯೆಂದು ೧೯೪೭ರಲ್ಲಿ ತೋರಿಸಲಾಯಿತು.

ಟ್ರಾಗಿಯಾದ ಆಯುಧ ಬೇರೆ ತರಹದ್ದು. ಇಲ್ಲಿ ರೋಮವು ನಾಲ್ಕು ಕೋಶಗಳ ಕೂಟ. ನಡುವೆ ಉದ್ದವಾದ ಒಂದು ಕೋಶ. ಅದನ್ನು ಸುತ್ತುವರಿದು ಆಸರೆಯಾಗಿ ನಿಂತ ಮೂರು ಕೋಶಗಳು. ನಡುವಿನ ಕೋಶ ಹುಟ್ಟುವುದು ಎಲೆಯ ಹೊರಪೊರೆಯಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ಬೆಳೆಯುತ್ತ ಹೊರಪೊರೆಯ ನಡುವೆ ದಾರಿಮಾಡಿಕೊಂಡು ಹೊರಕ್ಕೆ ಬರುತ್ತದೆ. ಅದರ ತುದಿಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಒಂದು ಹರಳು ಕಾದು ಕುಳಿತಿರುತ್ತದೆ. ರೋಮದ ತುದಿಗೆ ಕೈ ತಾಗಿದಾಗ ಕೋಶದ ತೆಳುಗೋಡೆ ಒಡೆದು ಹರಳು ಹೊರಚಾಚಿ ಚರ್ಮವನ್ನು ಚುಚ್ಚುತ್ತದೆ. ಆ ಹರಳಿನ ಮೈಯುದ್ದಕ್ಕೂ ಒಂದು ಸಣ್ಣ ಕಾಲುವೆಯಿದೆಯೆಂದೂ ರಸವು ಅದರಲ್ಲಿ ಹರಿದು ಗಾಯಕ್ಕೆ ಸೇರುತ್ತದೆಯೆಂದೂ ಅಮೆರಿಕದ ಎರಡು ಟ್ರಾಗಿಯಾ ಪ್ರಭೇದಗಳನ್ನು ಕುರಿತು ೧೯೭೬ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹೀಗೆ ಒಂದು ಕುಟುಂಬ ಚುಚ್ಚುವುದು ಟೊಳ್ಳು ನಳಿಗೆಯಿಂದ. ಇನ್ನೊಂದು ಚುಚ್ಚುವುದು ಗಟ್ಟಿ ಬಾಣದಿಂದ. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದುಬಂದು ನಮ್ಮ ಬೆರಳ ತುದಿಯಲ್ಲಿ ಸಂಧಿಸಿವೆ.

ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಹೆಸರು ಕೇಳಿ ಓದುಗರು ಗಾಬರಿಗೊಳ್ಳಬೇಕಾಗಿಲ್ಲ. ಕರಾವಳಿಯ ಅಡುಗೆಮನೆಗೆ ಅದು ಹಳೆಯ ಪರಿಚಯ. ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿ, ಸುವರ್ಣಗೆಡ್ಡೆಯಲ್ಲಿ ಗಂಟಲನ್ನು ಕೆರೆಯುವುದು ಇದೇ ವಸ್ತುವಿನ ಸೂಜಿಹರಳುಗಳು. ಅಲ್ಲಿ ಅವು ಕಟ್ಟುಕಟ್ಟಾಗಿ ಎಲೆಯೊಳಗೆ ಅಡಗಿದ್ದು, ಕಚ್ಚಿದರೆ ಅಥವಾ ಕೊಯ್ದರೆ ಮಾತ್ರ ಹೊರಬೀಳುತ್ತವೆ. ಟ್ರಾಗಿಯಾ ಅದೇ ಹರಳನ್ನು ಮನೆಯ ಹೊರಗೆ, ಒಂದೊಂದು ರೋಮದ ತುದಿಗೆ ಒಂದೊಂದರಂತೆ ಕಾವಲಿಗೆ ನಿಲ್ಲಿಸಿದೆ.

ಹೀಗಿರುವುದರಿಂದಲೇ ತಾಗಿದ ಕೂಡಲೇ ಗಸಗಸನೆ ಉಜ್ಜುವುದು ತಪ್ಪು. ಚರ್ಮದಲ್ಲಿ ನೆಟ್ಟಿರುವ ಹರಳುಗಳು ಇನ್ನಷ್ಟು ಒಳಕ್ಕೆ ಇಳಿಯುತ್ತವೆ. ಅಂಟುಪಟ್ಟಿಯೊಂದನ್ನು ಮೆಲ್ಲನೆ ಒತ್ತಿ ಎತ್ತಿದರೆ ರೋಮಗಳಲ್ಲಿ ಕೆಲವಾದರೂ ಅದಕ್ಕೆ ಹತ್ತಿಕೊಂಡು ಬರುತ್ತವೆ. ಆಮೇಲೆ ತಣ್ಣೀರಿನಿಂದ ತೊಳೆಯಬಹುದು. ಕಣ್ಣಿಗೆ ತಾಗಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರ ಬಳಿಗೆ ಹೋಗಬೇಕು. ಪುಸ್ತಕದ ನಡುವೆ ಒತ್ತಿ ಒಣಗಿಸಿದ ಮಾದರಿಯನ್ನೂ ಬರಿಗೈಯಿಂದ ಮುಟ್ಟದಿರುವುದು ಲೇಸು.

ಈ ಬಳ್ಳಿಗೆ ಹೆಸರು ಬಂದ ಕಥೆ ಸ್ವಲ್ಪ ಸುತ್ತುದಾರಿಯದು. ಹದಿನಾರನೆಯ ಶತಮಾನದಲ್ಲಿ ಜರ್ಮನಿಯಲ್ಲಿ ಹೀರೊನಿಮಸ್ ಬಾಕ್ ಎಂಬ ಸಸ್ಯಜ್ಞನಿದ್ದನು. ಹಿಂದಿನವರು ಬರೆದುದನ್ನೇ ನಕಲು ಮಾಡದೆ, ತಾನು ಕಣ್ಣಾರೆ ಕಂಡ ಗಿಡಗಳನ್ನು ಕಂಡಂತೆ ವರ್ಣಿಸಿದನೆಂದು ಅವನಿಗೆ ಕೀರ್ತಿ. ಅವನ ಗ್ರಂಥ ೧೫೩೯ರಲ್ಲಿ ಹೊರಬಂದಿತು. ಬಾಕ್ ಎಂದರೆ ಜರ್ಮನ್ ಭಾಷೆಯಲ್ಲಿ ಹೋತ. ಆ ಕಾಲದ ವಿದ್ವಾಂಸರ ಪದ್ಧತಿಯಂತೆ ಅವನು ತನ್ನ ಹೆಸರನ್ನು ಗ್ರೀಕಿಗೆ ತಿರುಗಿಸಿ ಟ್ರಾಗಸ್ ಎಂದು ಕರೆದುಕೊಂಡನು. ಫ್ರೆಂಚ್ ಸನ್ಯಾಸಿ ಷಾರ್ಲ್ ಪ್ಲುಮಿಯೆ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ತಿರುಗಿ, ೧೭೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಬಳ್ಳಿಯ ಜಾತಿಗೆ ಈ ಟ್ರಾಗಸನ ನೆನಪಿಗಾಗಿ ಟ್ರಾಗಿಯಾ ಎಂದು ಹೆಸರಿಟ್ಟನು. ಅದರ ಸೋದರ ಜಾತಿಗಳಾದ ಡಾಲೆಷಾಂಪಿಯಾ, ಪ್ಲುಕೆನೆಟಿಯಾ ಎಂಬ ಬೇರೆರಡು ಬಳ್ಳಿಗಳಿಗೂ ಅವನೇ ಸಸ್ಯಜ್ಞರಿಬ್ಬರ ಹೆಸರುಗಳನ್ನು ಕೊಟ್ಟನು. ಮುಟ್ಟಿದವರನ್ನು ಸುಡುವ ಬಳ್ಳಿಗೆ ಹಿರಿಯ ವಿದ್ವಾಂಸನೊಬ್ಬನ ಹೆಸರಿಟ್ಟುದು ಗೌರವದಿಂದಲೋ ತಮಾಷೆಯಿಂದಲೋ ಎಂಬುದನ್ನು ಓದುಗರೇ ನಿರ್ಧರಿಸಲಿ.

ನಮ್ಮ ಪ್ರಭೇದದ ದಾಖಲೆ ಮಾತ್ರ ಅದಕ್ಕಿಂತ ಹಳೆಯದು, ನಮ್ಮ ಕರಾವಳಿಗೆ ಹತ್ತಿರದ್ದು. ಡಚ್ಚರ ಕೊಚ್ಚಿಯ ಅಧಿಪತಿ ವಾನ್ ರೀಡ್ ಸಿದ್ಧಪಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥ ೧೬೭೮ರಿಂದ ೧೬೯೩ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರ ಎರಡನೆಯ ಸಂಪುಟದ ೩೯ನೆಯ ಚಿತ್ರವೇ ಈ ಬಳ್ಳಿ. ಅಲ್ಲಿ ಕೊಟ್ಟಿರುವ ಹೆಸರು ಚೊರಿಯಣಂ. ತುರಿಕೆ ಎಂಬ ಅರ್ಥದ ಮಲಯಾಳ ಮಾತಿನಿಂದ ಬಂದುದು. ಆ ಗ್ರಂಥಕ್ಕೆ ಸಸ್ಯಗಳ ವಿವರವನ್ನು ಒದಗಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರೂ ಇದ್ದರು. ಈ ಮೂವರು ೧೬೭೫ರಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪತ್ರ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲಿಯೇ ಅಚ್ಚಾಗಿದೆ. ಭಾರತಕ್ಕೆ ಎಂದೂ ಬಾರದ ಲಿನೇಯಸ್ ೧೭೫೩ರಲ್ಲಿ ಬಳ್ಳಿಗೆ ಈಗಿನ ಜೋಡಿಹೆಸರನ್ನು ಕೊಟ್ಟನು.

ಗುರುತಿನ ಪ್ರಶ್ನೆ ಕೇವಲ ಪಾಠಶಾಲೆಯ ಪ್ರಶ್ನೆಯಲ್ಲ. ಮದ್ದಿನ ಅಂಗಡಿಗೂ ಅದು ಸಂಬಂಧಿಸಿದ್ದು. ಆಯುರ್ವೇದದ ಗ್ರಂಥಗಳಲ್ಲಿ ದುರಾಲಭಾ ಎಂಬ ಮೂಲಿಕೆಯ ಉಲ್ಲೇಖವಿದೆ. ಮುಟ್ಟಲು ಕಷ್ಟವಾದದ್ದು ಎಂದು ಆ ಹೆಸರನ್ನು ಅರ್ಥೈಸುತ್ತಾರೆ. ದುಃಸ್ಪರ್ಶ ಎಂಬುದು ಅದರ ಪರ್ಯಾಯನಾಮಗಳಲ್ಲೊಂದು. ಕೇರಳದಲ್ಲಿ ಈ ಹೆಸರಿನಿಂದ ಬಳಸುವುದು ಕೊಡಿತ್ತೂವ, ಅಂದರೆ ನಮ್ಮ ಟ್ರಾಗಿಯಾ ಬಳ್ಳಿಯ ಬೇರನ್ನು. ಉತ್ತರ ಭಾರತದಲ್ಲಿ ಅದೇ ಹೆಸರಿನಿಂದ ಬಳಸುವುದು ಫಾಗೋನಿಯಾ ಎಂಬ, ಒಣನೆಲದ ಮುಳ್ಳುಗಿಡವನ್ನು. ಎರಡಕ್ಕೂ ಕುಟುಂಬ ಬೇರೆ, ನೆಲ ಬೇರೆ, ರಸ ಬೇರೆ. ಮುಟ್ಟಿದರೆ ನೋವು ಎಂಬುದಷ್ಟೇ ಸಮಾನ. ಅದೇ ಮೂಲಿಕೆಗೆ ಧನ್ವಯಾಸ ಎಂಬ ಇನ್ನೊಂದು ಹೆಸರೂ ಉಂಟು. ಧನ್ವ ಎಂದರೆ ಮರುಭೂಮಿ. ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಬೆಳ್ಮಣ್ಣಿನ ಪಾಗಾರದ ಬಳ್ಳಿಗೆ ಆ ಹೆಸರು ಹೊಂದುವುದು ಕಷ್ಟ. ಹಳೆಯ ಗ್ರಂಥಕಾರರ ಮನಸ್ಸಿನಲ್ಲಿದ್ದುದು ಒಣನೆಲದ ಮುಳ್ಳುಗಿಡವೇ ಇರಬೇಕೆಂದು ನಮಗೆ ತೋರುತ್ತದೆ. ಅದು ದೊರೆಯದ ಮಲೆಯಾಳ ಸೀಮೆಯ ವೈದ್ಯರು ದುಃಸ್ಪರ್ಶ ಎಂಬ ಮಾತನ್ನು ಹಿಡಿದು ತಮ್ಮ ಬೇಲಿಯಲ್ಲಿ ಹುಡುಕಿದರೆ ಕೈಗೆ ಸಿಗುವುದು ಯಾವುದೆಂದು ಹೇಳಬೇಕಾಗಿಲ್ಲ. ದುಃಸ್ಪರ್ಶಾ ಎಂಬ ಹೆಸರು ನೆಲಗುಳ್ಳವಾದ ಕಂಟಕಾರಿಗೂ ಇರುವುದರಿಂದ ತೊಡಕು ಇನ್ನೂ ಹೆಚ್ಚಿತು. ಟ್ರಾಗಿಯಾವನ್ನು ವೃಶ್ಚಿಕಾಲಿ ಎಂದು ಗುರುತಿಸುವ ಪಂಡಿತರೂ ಉಂಟು. ಚೇಳಿನ ಹೆಸರು ಹೊತ್ತ ಆ ಮಾತು ಬಳ್ಳಿಯ ಸ್ವಭಾವಕ್ಕೇನೋ ಚೆನ್ನಾಗಿ ಒಪ್ಪುತ್ತದೆ.

ಕೇರಳದ ವೈದ್ಯರ ತಲೆತಲಾಂತರದ ಅನುಭವವನ್ನು ಹಗುರವಾಗಿ ಎಣಿಸುವುದು ನಮ್ಮ ಉದ್ದೇಶವಲ್ಲ. ಅವರು ಬಳ್ಳಿಯನ್ನು ಬಲ್ಲರು, ತಾವು ಕೊಡುವುದು ಏನೆಂಬುದನ್ನೂ ಬಲ್ಲರು. ತೊಂದರೆ ಹುಟ್ಟುವುದು ಬೇರು ಒಣಗಿ, ಮೂಟೆಯಾಗಿ, ಹೆಸರಿನ ಚೀಟಿಯೊಂದನ್ನೇ ಅಂಟಿಸಿಕೊಂಡು ಪೇಟೆಯಿಂದ ಪೇಟೆಗೆ ಹೊರಟಾಗ. ಒಣಬೇರಿನಲ್ಲಿ ಎಲೆಯಿಲ್ಲ, ಹೂವಿಲ್ಲ, ಹಸುರು ನಕ್ಷತ್ರವಿಲ್ಲ. ಕೊಳ್ಳುವವನು ಕಣ್ಣಿನಿಂದ ಅದನ್ನು ಗುರುತಿಸಲಾರನು. ಒಂದೇ ಹೆಸರಿನ ಎರಡು ಮೂಟೆಗಳಲ್ಲಿ ಎರಡು ಕುಟುಂಬಗಳ ಬೇರುಗಳಿರುವುದು ಅಸಂಭವವೇನಲ್ಲ. ಆದುದರಿಂದ ಬೇರನ್ನು ಅಗೆಯುವವನು ಹೂವೋ ಕಾಯಿಯೋ ಇರುವಾಗಲೇ ಬಳ್ಳಿಯನ್ನು ಗುರುತುಹಾಕಿಟ್ಟುಕೊಳ್ಳುವುದು, ಕಾಯಿಸಮೇತವಾದ ಒಂದು ರೆಂಬೆಯನ್ನು ಒತ್ತಿ ಒಣಗಿಸಿ ಮೂಟೆಯ ಜೊತೆಗೆ ಇಡುವುದು, ಇವೆರಡೂ ಆಗಬೇಕಾದ ಕೆಲಸಗಳು.

ಹೊರಗಿನ ಬಂಧುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಟ್ರಾಗಿಯಾ ಜಾತಿಯಲ್ಲಿ ಸುಮಾರು ೧೫೦ ಪ್ರಭೇದಗಳನ್ನು ಎಣಿಸುತ್ತಾರೆ. ಅಮೆರಿಕ, ಆಫ್ರಿಕ, ಏಷ್ಯ, ಆಸ್ಟ್ರೇಲಿಯಗಳ ಉಷ್ಣಪ್ರದೇಶಗಳಲ್ಲಿ ಅವು ಹರಡಿವೆ. ದಕ್ಷಿಣ ಭಾರತದ ಒಣ ಬಯಲುಗಳಲ್ಲಿ ಟ್ರಾಗಿಯಾ ಪ್ಲುಕೆನೆಟಿಯೈ ದೊರೆಯುತ್ತದೆ. ಅದರ ಎಲೆ ಬುಡದವರೆಗೂ ಮೂರಾಗಿ ಸೀಳಿರುವುದರಿಂದ ನಮ್ಮದರೊಡನೆ ಗೊಂದಲವಾಗದು. ಪಶ್ಚಿಮಘಟ್ಟದ ಬೆಟ್ಟಗಳಲ್ಲಿ ಟ್ರಾಗಿಯಾ ಬೈಕಲರ್ ಇದೆ. ಡಾಲೆಷಾಂಪಿಯಾದಲ್ಲಿ ಹೂಗೊಂಚಲನ್ನು ಎರಡು ದೊಡ್ಡ ಹೊರ ಎಲೆಗಳು ಎರಡು ಅಂಗೈಗಳಂತೆ ಹಿಡಿದಿರುತ್ತವೆ. ಪ್ಲುಕೆನೆಟಿಯಾದಲ್ಲಿ ಅಂಡಾಶಯಕ್ಕೆ ಸಾಮಾನ್ಯವಾಗಿ ಮೂರಲ್ಲ, ನಾಲ್ಕು ಕೋಣೆ. ಅದು ತುರಿಸುವುದೂ ಇಲ್ಲ. ಎಣ್ಣೆಗಾಗಿ ಬೆಳೆಯುವ ದಕ್ಷಿಣ ಅಮೆರಿಕದ ಸಾಚಾ ಇಂಚಿ ಬಳ್ಳಿ ಈ ಜಾತಿಯದು. ಅಸ್ಸಾಮಿನ ಕಡೆಯ ಕ್ನೆಸ್ಮೋನ್ ಎಂಬ ಬಳ್ಳಿ ಟ್ರಾಗಿಯಾದಂತೆಯೇ ತುರಿಸುತ್ತದೆ. ಅದನ್ನು ಕೇಸರಗಳ ತುದಿಯಲ್ಲಿ ಚಾಚಿಕೊಂಡ ಕೊಂಬಿನಿಂದ ತಿಳಿಯಬೇಕು. ಈ ಇಡೀ ಬಳಗದ ಡಿ.ಎನ್.ಎ.ಯನ್ನು ಹೋಲಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಟ್ರಾಗಿಯಾ ಎಂದು ನಾವು ಕರೆಯುವುದು ಒಂದೇ ಮೂಲದ ಅಖಂಡ ಮನೆತನವಲ್ಲ. ಬೇರೆ ಹೆಸರಿನ ಕೆಲವು ಜಾತಿಗಳೂ ಅದರ ನಡುವೆಯೇ ಬೆರೆತುಕೊಂಡಿವೆ. ಮುಂದೆ ನಮ್ಮ ಬಳ್ಳಿಯ ಹೆಸರು ಬದಲಾದರೆ ಆಶ್ಚರ್ಯಪಡಬೇಕಾಗಿಲ್ಲ. ಹೆಸರು ಬದಲಾದರೂ ಮೂರು ಕೇಸರ, ಆರು ಗರಿಗಳ ನಕ್ಷತ್ರ, ಮೂರು ಉಬ್ಬುಗಳ ಕಾಯಿ ಬದಲಾಗಲಾರವು. ನಮ್ಮ ಜಿಲ್ಲೆಯ ಸಸ್ಯಗಳನ್ನು ಸ್ವಂತವಾಗಿ ಗುರುತಿಸಬೇಕೆನ್ನುವವರಿಗೆ ಡಾ. ಕೆ. ಗೋಪಾಲಕೃಷ್ಣ ಭಟ್ಟರು ೨೦೦೩ರಲ್ಲಿ ಹೊರತಂದ ಉಡುಪಿಯ ಸಸ್ಯಸಂಪತ್ತಿನ ಇಂಗ್ಲಿಷ್ ಗ್ರಂಥ ಒಳ್ಳೆಯ ಒಡನಾಡಿ.

ಸೂಕ್ಷ್ಮದರ್ಶಕವೂ ಗ್ರಂಥವೂ ಇಲ್ಲದೆ ಈ ಬಳ್ಳಿಯನ್ನು ಗುರುತಿಸಬಲ್ಲ ಸಸ್ಯಜ್ಞನೊಬ್ಬನು ನಮ್ಮ ಬೇಲಿಗಳಲ್ಲಿಯೇ ಇದ್ದಾನೆ. ಇಟ್ಟಿಗೆಗೆಂಪು ರೆಕ್ಕೆಗಳ ಮೇಲೆ ಅಲೆಯಲೆಯಾದ ಕಪ್ಪು ಗೆರೆಗಳುಳ್ಳ, ಮೇಲುರೆಕ್ಕೆಯ ತುದಿಯ ಬಳಿ ಒಂದೇ ಒಂದು ಬಿಳಿ ಚುಕ್ಕೆಯುಳ್ಳ ಅರಿಯಾಡ್ನೆ ಎಂಬ ಚಿಟ್ಟೆ ಅದು. ಎರಡು ಸಲ ರೆಕ್ಕೆ ಬಡಿದು, ಆಮೇಲೆ ತೇಲುತ್ತ ಬರುವುದು ಅದರ ನಡೆ. ಅದು ಮೊಟ್ಟೆಯಿಡುವುದು ಔಡಲದ ಮೇಲೆ, ಇಲ್ಲವೆ ಟ್ರಾಗಿಯಾದ ಮೇಲೆ. ಆಳೆತ್ತರದ ಅಗಲೆಲೆಯ ಗಿಡವೂ ಬೆರಳಗಲದ ಎಲೆಯ ಬಳ್ಳಿಯೂ ಹತ್ತಿರದ ಬಂಧುಗಳೆಂಬುದು ಅದಕ್ಕೆ ಹೇಗೋ ತಿಳಿದಿದೆ. ಲಪೋರ್ಟಿಯಾದ ಉರಿಗೆ ಅದು ಮೋಸಹೋಗುವುದಿಲ್ಲ. ಔಡಲ ಆಫ್ರಿಕದ ಈಶಾನ್ಯ ಭಾಗದಿಂದ ಬಂದ ಗಿಡ. ಅದು ಇಲ್ಲಿಗೆ ಬರುವ ಮೊದಲು ಈ ಚಿಟ್ಟೆಗೆ ಟ್ರಾಗಿಯಾದಂತಹ ಬಳ್ಳಿಗಳೇ ತವರಾಗಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ಅದರ ಮುಳ್ಳುಮೈಯ ಹುಳು ನಾವು ಮುಟ್ಟಲಂಜುವ ಎಲೆಯನ್ನು ಅಂಚಿನಿಂದ ತಿನ್ನುತ್ತ ಹೋಗುತ್ತದೆ. ಮೊಟ್ಟೆಯನ್ನು ನೋಡಬೇಕೆನ್ನುವವರು ಮಳೆ ಹಿಂದೆಗೆದ ದಿನಗಳಲ್ಲಿ ಎಲೆಯನ್ನು ಇಕ್ಕಳದಿಂದ ಎತ್ತಿ ಮಸೂರದಲ್ಲಿ ಪರೀಕ್ಷಿಸಬೇಕು. ಒಂದೊಂದಾಗಿ ಇಟ್ಟ ಆ ಪುಟ್ಟ ಮೊಟ್ಟೆಗಳಿಗೂ ಮೈತುಂಬ ನೀಳ ರೋಮಗಳಿರುವುದರಿಂದ, ಬಳ್ಳಿಯ ರೋಮ ಯಾವುದು, ಮೊಟ್ಟೆಯ ರೋಮ ಯಾವುದು ಎಂದು ಬೇರ್ಪಡಿಸಲು ಕಣ್ಣಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.